ಸಂಜೆಗೆ ದನಿ ಹೋಗುವ ರೇಡಿಯೋ

ಗಜೇಂದ್ರಗಡದ ಬಸ್ ಸ್ಟ್ಯಾಂಡಿನ ಎದುರಿಗೆ ಅಂದಾನಪ್ಪನವರ ಎಸ್‌ಟಿಡಿ ಬೂತು ಇತ್ತು. ಮೊಬೈಲು ಬಂದು ಬೂತಿನ ಬಾಯಿಗೆ ಮಣ್ಣು ಹಾಕಿದ ಮೇಲೆ, 2004ರಲ್ಲಿ, ಅವರ ಮಗಳು ಶ್ವೇತಾ ಅದೇ ಜಾಗದಲ್ಲಿ ಎರಡು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಅಂಗಡಿ ಮಾಡಿದಳು. ಫೋನ್ ಮಾಡುವ ಗಾಜಿನ ಗೂಡು ಸುಮ್ಮನೆ ಜಾಗ ತಿನ್ನುತ್ತದೆ, ತೆಗೆಸಿಬಿಡೋಣ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಆದರೆ ಆ ಗೂಡಿಗೆ ಒಬ್ಬರೇ ಒಬ್ಬ ಗಿರಾಕಿ ಉಳಿದಿದ್ದರು. ಅವರು ಯಾರಿಗೂ ಫೋನ್ ಮಾಡುತ್ತಿರಲಿಲ್ಲ, ಬಂದ ಫೋನಿನಲ್ಲಿ ಮಾತೂ ಆಡುತ್ತಿರಲಿಲ್ಲ. ರವಿವಾರ ಹನ್ನೊಂದಕ್ಕೆ ಸರಿಯಾಗಿ ಬಂದು, ಗೂಡಿನ ಸ್ಟೂಲಿನ ಮೇಲೆ ಕೂತು, ರಿಸೀವರ್ ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಬರೀ ಕೇಳುತ್ತಿದ್ದರು. ಅವರೇ ರೇಡಿಯೋ ರಿಪೇರಿಯ ಮದರಸಾಬ.

ಮದರಸಾಬರು ನೇಕಾರರ ಮನೆಯಲ್ಲಿ ಹುಟ್ಟಿದವರು. ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಕೂರಬೇಕಾದ ವಯಸ್ಸಿಗೆ ಚಹಾದಂಗಡಿಯ ರೇಡಿಯೋ ಮುಂದೆ ನಿಂತುಬಿಟ್ಟರು. ಅಪ್ಪ ಹೊಡೆದು ಎಳೆದುತಂದರೂ ಮತ್ತೆ ಅಲ್ಲಿಯೇ. ಕಡೆಗೆ ಗದಗಿನಲ್ಲಿ ಒಬ್ಬ ರಿಪೇರಿಯವರ ಹತ್ತಿರ ಆರು ವರ್ಷ ಇದ್ದು ಕೆಲಸ ಕಲಿತು, ಕೋಟೆಗೆ ಹೋಗುವ ದಾರಿಯಲ್ಲಿ ಅಂಗಡಿ ಹಾಕಿದರು. ಆಗಿನ ಕಾಲಕ್ಕೆ ಇಟಗಿ, ಸವಡಿ ಕಡೆಯಿಂದ ಚಕ್ಕಡಿಯಲ್ಲಿ ರೇಡಿಯೋ ತರುತ್ತಿದ್ದರು. ಎಳೆಗೂಸಿನ ಹಾಗೆ ಮೇಲೆ ದುಪ್ಪಟಿ ಹೊದಿಸಿರುತ್ತಿದ್ದರು. ಮದರಸಾಬರು ರೇಡಿಯೋ ಬಿಚ್ಚುವ ಮೊದಲು ತಂದವರನ್ನು ಬಿಚ್ಚುತ್ತಿದ್ದರು. ಎಲ್ಲಿ ಇಟ್ಟಿರಿ, ಯಾರು ಕಿವಿ ತಿರುವಿದರು, ಮೇಲೆ ಹೂದಾನಿ ಯಾಕೆ ಇಟ್ಟಿರಿ, ಹಲ್ಲಿ ಒಳಗೆ ಹೋಗುವಾಗ ಮನೆಯಲ್ಲಿ ಯಾರೂ ಇರಲಿಲ್ಲವೇ. ಬೈಸಿಕೊಂಡರೂ ಜನ ಅವರನ್ನು ಬಿಟ್ಟು ಬೇರೆ ಕಡೆ ಹೋಗುತ್ತಿರಲಿಲ್ಲ. ಅವರದೊಂದು ಕಟ್ಟಳೆ ಇತ್ತು. ರಿಪೇರಿ ಮುಗಿದ ಮೇಲೆ ರೇಡಿಯೋದ ಧಣಿ ಅಂಗಡಿಯಲ್ಲಿ ಅವರ ಜೊತೆ ಕೂತು ಒಂದು ಹಾಡು ಪೂರಾ ಕೇಳಬೇಕು. ಬಸ್ಸು ತಪ್ಪುತ್ತದೆ ಎಂದವರಿಗೆ ರೇಡಿಯೋ ಸಿಗುತ್ತಿರಲಿಲ್ಲ.

ಟಿವಿ ಬಂತು. ಮದರಸಾಬರು ಟಿವಿ ಮುಟ್ಟಲಿಲ್ಲ. ಮಿಕ್ಸರು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡಿ ಮಗಳು ಮುನೀರಾಳನ್ನು ನರಗುಂದಕ್ಕೆ ಮದುವೆ ಮಾಡಿಕೊಟ್ಟರು. ಅಂಗಡಿಯ ಗೋಡೆಗೆ ಜೋಡಿಸಿಟ್ಟ ಹಳೆಯ ರೇಡಿಯೋಗಳನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ಹೆಂಡತಿ ಕಾಶೀಂಬಿ ವಾರಕ್ಕೊಮ್ಮೆ ಅವುಗಳ ಧೂಳು ಒರೆಸುತ್ತಿದ್ದರು.

2005ರಲ್ಲಿ ಅಂದಾನಪ್ಪನವರ ಮನೆಯ ವಾಲ್ವ್ ರೇಡಿಯೋ ಕೆಟ್ಟಿತು. ಅದಕ್ಕೆ ಬೇಕಾದ ಗಾಜಿನ ವಾಲ್ವ್ ಹುಬ್ಬಳ್ಳಿಯಲ್ಲೂ ಸಿಗಲಿಲ್ಲ. ಶ್ವೇತಾ ಇಂಟರ್ನೆಟ್ಟಿನಲ್ಲಿ ಹುಡುಕುತ್ತಾ ಹೋಗಿ ಹಳೆಯ ರೇಡಿಯೋ ಹುಚ್ಚಿನವರದೊಂದು ಗುಂಪು ಹಿಡಿದಳು. ದೇಶದ ತುಂಬ ಆರುನೂರು ಜನ. ಒಬ್ಬರು ಈಮೇಲಿನಲ್ಲಿ ತಮ್ಮ ರೇಡಿಯೋದ ರೋಗ ಬರೆದರೆ ಉಳಿದವರಿಗೆಲ್ಲ ಅದು ಮುಟ್ಟುತ್ತದೆ, ಗೊತ್ತಿದ್ದವರು ಮದ್ದು ಬರೆಯುತ್ತಾರೆ. ಅದರ ರಿಪೇರಿ ಹಿಡಿದಿದ್ದ ಮದರಸಾಬರು ಪಕ್ಕದಲ್ಲಿ ಕೂತಿದ್ದರು. ಕೊಲ್ಲಾಪುರದ ವಕೀಲರೊಬ್ಬರ ರೇಡಿಯೋ ಗುಂಯ್‌ಗುಟ್ಟುತ್ತದಂತೆ, ಮೂರು ತಿಂಗಳಿಂದ ಯಾರಿಗೂ ಬಗೆಹರಿದಿಲ್ಲವಂತೆ ಎಂದು ಶ್ವೇತಾ ಓದಿ ಹೇಳಿದಳು.

"ಮೂರ್ ತಿಂಗಳ ಹಂಗ ಹಚ್ಕೊಂಡು ಕುಂತಾನಂದ್ರ ಅಂವಗ ಕಿವಿ ಅದಾವೋ ಇಲ್ಲೋ ಕೇಳು" ಎಂದರು ಮದರಸಾಬ. "ಕರೆಂಟ್ ಸೋಸೋ ಕಂಡೆನ್ಸರ್ ಒಣಗೈತಿ. ಅದನ್ನ ತಗದು ಒಗಿ ಅನ್ನು."

ಶ್ವೇತಾ ಇಂಗ್ಲಿಷಿನಲ್ಲಿ ಬರೆದಳು. ಮಾನ್ಯರೇ, ತಮ್ಮ ತಾಳ್ಮೆ ದೊಡ್ಡದು, ದಯವಿಟ್ಟು ಇಂಥ ಕಂಡೆನ್ಸರ್ ಒಮ್ಮೆ ಬದಲಿಸಿ ನೋಡುವಿರಾ, ಇತಿ ತಮ್ಮ ವಿಧೇಯ ಮದರಸಾಬ, ಗಜೇಂದ್ರಗಡ.

"ನಾ ಅಂದದ್ದಷ್ಟ ಬರದಿಯೇನ?"

"ಅಷ್ಟ ರೀ ಚಾಚಾ."

"ಮತ್ತ ಇಷ್ಟುದ್ದ ಯಾಕಾತು?"

"ಇಂಗ್ಲಿಷ್ ಉದ್ದ ಇರತೈತ್ರಿ."

ನಾಲ್ಕು ದಿನಕ್ಕೆ ವಕೀಲರ ರೇಡಿಯೋ ಗುಂಯ್‌ಗುಡುವುದು ನಿಂತಿತು. ಅಲ್ಲಿಂದ ಶುರುವಾದದ್ದು ಮೂರು ವರ್ಷ ನಡೆಯಿತು. ರವಿವಾರ ಬಂತೆಂದರೆ ಮದರಸಾಬರು ಇಸ್ತ್ರಿ ಅಂಗಿ ಹಾಕಿಕೊಂಡು ಬರುವರು, ಶ್ವೇತಾ ವಾರದ ಪ್ರಶ್ನೆಗಳನ್ನು ಓದುವಳು, ಅವರು ಬೈಯುವರು, ಇವಳು ಬೈಗುಳಕ್ಕೆ ಬೆಲ್ಲ ಸವರಿ ಕಳಿಸುವಳು. ಬರವಣಿಗೆಯಲ್ಲಿ ಹಿಡಿಯಲಾಗದ ರೋಗವಿದ್ದರೆ ಬೂತಿನ ನಂಬರ್ ಕೊಟ್ಟು ಫೋನ್ ಮಾಡಿಸುತ್ತಿದ್ದರು. ಕೊಟ್ಟಾಯಂನವರೋ ಕೋಲ್ಕತ್ತಾದವರೋ ಫೋನನ್ನು ತಮ್ಮ ರೇಡಿಯೋದ ಬಾಯಿಗೆ ಹಿಡಿದರೆ ಇವರು ಗಾಜಿನ ಗೂಡಿನಲ್ಲಿ ಕಣ್ಣುಮುಚ್ಚಿ ಕೇಳಿ, ಹೊರಗೆ ಬಂದು ರೋಗ ಹೇಳುತ್ತಿದ್ದರು. ಹಳೆಯ ಕಟ್ಟಳೆ ಇಲ್ಲಿಗೂ ಬಂತು. ರೇಡಿಯೋ ಸರಿಹೋದ ಮೇಲೆ ಮತ್ತೊಮ್ಮೆ ಫೋನ್ ಮಾಡಿ ಒಂದು ಹಾಡು ಪೂರಾ ಕೇಳಿಸಬೇಕು. ಅದೊಂದೇ ಅವರ ಕೂಲಿ.

ಗುಂಪಿನವರು ಅವರನ್ನು ಉಸ್ತಾದ್ ಎಂದು ಕರೆಯತೊಡಗಿದರು. ಸ್ಟೇಷನ್ ತಿರುವುವ ಮುಳ್ಳಿಗೆ ರೇಡಿಯೋ ಒಳಗೊಂದು ದಾರ ಇರುತ್ತದೆ, ಹಳೆಯ ರೇಡಿಯೋಗಳಲ್ಲಿ ಅದು ಸಡಿಲಾಗುತ್ತದೆ ಇಲ್ಲವೇ ಹರಿಯುತ್ತದೆ. ಮದರಸಾಬರು ಮಗ್ಗದ ರೇಷ್ಮೆ ಎಳೆಗಳನ್ನು ಹುರಿಗೊಳಿಸಿ, ಮೇಣ ಸವರಿ, ಕೇಳಿದವರಿಗೆಲ್ಲ ಲಕೋಟೆಯಲ್ಲಿಟ್ಟು ಕಳಿಸಿದರು. ಗುಂಪಿನಲ್ಲಿ ಅದಕ್ಕೆ ಗಜೇಂದ್ರಗಡದ ದಾರ ಎಂದೇ ಹೆಸರಾಯಿತು. ಊರಿನಲ್ಲಿ ಮಿಕ್ಸರ್ ರಿಪೇರಿಯವರಾಗಿ ಉಳಿದಿದ್ದ ಮನುಷ್ಯನಿಗೆ ಎಲ್ಲೆಲ್ಲಿಯದೋ ಜನ ಈದಿನ ಶುಭಾಶಯ ಬರೆಯುತ್ತಿದ್ದರು. ಶ್ವೇತಾಳಿಗೆ ಅದು ತನಗೇ ಬಂದಷ್ಟು ಖುಷಿ.

2008ರ ಶ್ರಾವಣದ ಹೊತ್ತಿಗೆ ಮದರಸಾಬರು ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನತೊಡಗಿದರು. ಮೊದಮೊದಲು ಸಾರಿನಲ್ಲಿ ನೆನೆಸಿ ತಿಂದರು, ಆಮೇಲೆ ಬರೀ ಗಂಜಿ. ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಕಾಶೀಂಬಿ ಶ್ವೇತಾಳ ಅಂಗಡಿಗೆ ಬಂದು ಅನ್ನದ ನಳಿಗೆಯಲ್ಲಿ ಕ್ಯಾನ್ಸರ್ ಆಗಿದೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಗಡ್ಡೆ ಸುಡಲು ದವಾಖಾನೆಯಲ್ಲಿ ಕರೆಂಟ್ ಕೊಡುತ್ತಾರಂತೆ ಎಂದೂ ಹೇಳಿದರು. ಮುಂದಿನ ರವಿವಾರ ಮದರಸಾಬರೇ ಬಂದು, "ಎಷ್ಟ ವೋಲ್ಟ್ ಕೊಡ್ತೀರಿ ಅಂತ ಕೇಳಿದ್ನವಾ, ಆ ನರ್ಸ್ ಹುಡುಗಿ ನಕ್ಕಳು, ಹೇಳಲಿಲ್ಲ" ಎಂದರು. ಅದೇ ಅವರು ಅಂಗಡಿಗೆ ಬಂದ ಕಡೆಯ ರವಿವಾರ.

ಎರಡು ವಾರ ಉತ್ತರ ಬಾರದೆ ಹೋದಾಗ ಗುಂಪಿನವರು ಉಸ್ತಾದ್ ಎಲ್ಲಿ ಎಂದು ವಿಚಾರಿಸಿದರು. ಶ್ವೇತಾಳಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಕೂತು ಎಲ್ಲವನ್ನೂ ಬರೆದಳು. ಉಸ್ತಾದರಿಗೆ ಇಂಗ್ಲಿಷ್ ಬಾರದು, ಅವರು ಹೇಳಿದ್ದನ್ನು ಬರೆಯುತ್ತಿದ್ದವಳು ನಾನು, ಅವರಿಗೆ ಹೀಗಾಗಿದೆ, ಡಾಕ್ಟರು ಇಷ್ಟು ತಿಂಗಳು ಅಂದಿದ್ದಾರೆ. ಟೈಪ್ ಮಾಡುವಾಗ ಕೀಲಿಗಳು ಮಂಜುಮಂಜಾಗಿ ಎರಡು ಸಲ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದಳು. ಒಂದೇ ದಿನದಲ್ಲಿ ನೂರಾ ಹನ್ನೆರಡು ಉತ್ತರ ಬಂದವು. ಎಲ್ಲವನ್ನೂ ಪ್ರಿಂಟ್ ತೆಗೆದು, ದಾರ ಹಾಕಿ ಹೊಲಿದು, ಕೋಟೆಯ ಕೆಳಗಿನ ಅವರ ಮನೆಗೆ ಒಯ್ದಳು.

ಮದರಸಾಬರು ಹೊರಸಿನ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕೊರಳ ಎಲುಬುಗಳು ಎದ್ದಿದ್ದವು. ಅವಳು ಒಂದೊಂದೇ ಓದಿದಳು. ಒಬ್ಬರು ದೇವಸ್ಥಾನದಲ್ಲಿ ದೀಪ ಹಚ್ಚಿಸಿದ್ದರು, ಒಬ್ಬರು ದರ್ಗಾಕ್ಕೆ ಚಾದರ ಹೊದಿಸಿದ್ದರು, ಒಬ್ಬರು ಇಗರ್ಜಿಯಲ್ಲಿ ಪ್ರಾರ್ಥನೆ ಇಡಿಸಿದ್ದರು. ಇಪ್ಪತ್ತು ಕಾಗದ ಆದ ಮೇಲೆ ಅವರು ಕೈ ಎತ್ತಿದರು.

"ಎಲ್ಲಾರೂ ಚಲೋ ಮಂದಿ. ಪ್ರಶ್ನಾ ಓದು."

ಶ್ವೇತಾ ಹಾಳೆ ತಿರುವಿದಳು. ಪ್ರಶ್ನೆ ಒಂದೂ ಇರಲಿಲ್ಲ. ಕೊಲ್ಲಾಪುರದ ವಕೀಲರಂತೂ, ಇಂಥ ಹೊತ್ತಿನಲ್ಲಿ ನಮ್ಮ ಡಬ್ಬಿಗಳ ಕಾಟ ಅವರಿಗೆ ಬೇಡ, ಯಾರೂ ಏನೂ ಕೇಳಬಾರದು ಎಂದು ಎಲ್ಲರಿಗೂ ತಾಕೀತು ಮಾಡಿದ್ದರು.

"ಈ ವಾರ ಯಾವ್ದೂ ಇಲ್ಲರಿ ಚಾಚಾ."

"ಆರುನೂರ ಮಂದೀದೂ ಚಲೋ ನಡದಾವು?" ಎಂದು ಕೇಳಿ, ಗೋಡೆಯ ಕಡೆ ತಿರುಗಿ ಮಲಗಿದರು.

ತಾನು ಎಂಥ ಕೆಲಸ ಮಾಡಿದೆ ಎಂದು ಶ್ವೇತಾಳಿಗೆ ದಾರಿಯಲ್ಲಿ ಹೊಳೆಯಿತು. ಊಟ ಹೋಗಿತ್ತು, ಅಂಗಡಿ ಹೋಗಿತ್ತು, ರವಿವಾರದ ಇಸ್ತ್ರಿ ಅಂಗಿ ಹೋಗಿತ್ತು. ಉಳಿದದ್ದು ಪ್ರಶ್ನೆಗಳೊಂದೇ. ಅವನ್ನು ತಾನೇ ಕೈಯಾರೆ ನಿಲ್ಲಿಸಿದ್ದಳು. ಅಂದೇ ಗುಂಪಿಗೆ ಬರೆದಳು. ದಯವಿಟ್ಟು ಪ್ರಶ್ನೆ ಕಳಿಸಿ, ಅವರಿಗೆ ಬೇಕಾಗಿರುವುದು ಅದೇ ಎಂದಳು. ನೋಡಿ ಉಸ್ತಾದರ ದೊಡ್ಡತನ, ಸಾಯುವ ಹೊತ್ತಿನಲ್ಲೂ ನಮ್ಮ ಚಿಂತೆ ಅವರಿಗೆ ಎಂದು ಮತ್ತೆ ಎಂಬತ್ತು ಪ್ರಾರ್ಥನೆ ಬಂದವು. ಒಳ್ಳೆಯವರ ಜೊತೆ ಜಗಳ ಆಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಮುಂದಿನ ರವಿವಾರ ಬರಿಗೈಯಲ್ಲಿ ಹೋದಳು. ಬಾಗಿಲಲ್ಲೇ ಕಾಶೀಂಬಿ, "ದಿನಾ ಮುಂಜಾನಿ ಚಲೋ ಇರ್ತಾರವಾ, ಸಂಜಿ ಆತಂದ್ರ ದನೀನ ಹೋಗ್ತೈತಿ, ಒಂದ್ ತಾಸಿಗೆ ಮತ್ತ ಬರ್ತೈತಿ" ಎಂದು ಕಣ್ಣೊರೆಸಿಕೊಂಡರು. ಒಳಗೆ ಹೋಗಿ ಕೂತ ಶ್ವೇತಾಳನ್ನು ಮದರಸಾಬರು ನೋಡಿದ ನೋಟಕ್ಕೆ ಅವಳ ಬಾಯಿಂದ ತಾನಾಗಿಯೇ ಮಾತು ಬಂತು.

"ಒಂದ್ ಪ್ರಶ್ನಾ ಬಂದೈತ್ರಿ ಚಾಚಾ. ಭುಸಾವಳದ ಒಬ್ರು ಸ್ಟೇಷನ್ ಮಾಸ್ತರ್‌ದು. ರೇಡಿಯೋ ದಿನಾಪೂರ್ತಿ ಚಲೋ ಹಾಡ್ತೈತಂತ. ಸಂಜಿ ಆತಂದ್ರ ದನಿ ಹೋಗ್ತೈತಂತ. ಒಂದ್ ತಾಸಿಗೆ ಮತ್ತ ಬರ್ತೈತಂತ."

ಮದರಸಾಬರು ದಿಂಬು ಸರಿಸಿಕೊಂಡು ನೆಟ್ಟಗಾದರು. ತಮ್ಮದೇ ಕಥೆ ಎಂದು ಅವರಿಗೆ ಹೊಳೆಯಲಿಲ್ಲ. ರೇಡಿಯೋದ ಮಾತು ಬಂದರೆ ಅವರು ತಮ್ಮನ್ನು ಮರೆಯುತ್ತಿದ್ದರು.

"ಸಂಜಿಗೆ ಮಂದಿ ಎಲ್ಲಾ ಲೈಟ್ ಹಾಕ್ತಾರ, ವೋಲ್ಟೇಜ್ ಬೀಳ್ತೈತಿ. ಸ್ಟೆಬಿಲೈಜರ್ ಹಚ್ಚಿ ನೋಡು ಅನ್ನು. ಇಷ್ಟು ತಿಳಿಯೂದಿಲ್ಲಂದ್ರ ಅಂವಾ ರೈಲ್ ಹ್ಯಾಂಗ ಬಿಡ್ತಿದ್ದ?"

ಬೈಗುಳ ಕೇಳಿ ಶ್ವೇತಾಳಿಗೆ ಜೀವ ಬಂದಂತಾಯಿತು. ಕಾಶೀಂಬಿ ಅಡುಗೆಮನೆಯಿಂದ ಇಣುಕಿ ನೋಡಿದರು. ಅಂದು ಮದರಸಾಬರು ಅರ್ಧ ಲೋಟ ಗಂಜಿ ಹೆಚ್ಚಿಗೆ ಕುಡಿದರಂತೆ. ಮುಂದಿನ ವಾರ ಶ್ವೇತಾ, ಹೌದು, ಸರಿಹೋಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಮುಗಿದರೆ ಮತ್ತೊಂದು ಪ್ರಶ್ನೆ ಎಲ್ಲಿಂದ ತರುವುದು. ಮೂರು ವರ್ಷ ರೇಡಿಯೋದ ಬಗ್ಗೆ ಬರೆದರೂ ಅದರ ಹೊಟ್ಟೆಯಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

"ಸ್ಟೆಬಿಲೈಜರ್ ಹಚ್ಚಿದ್ರಂತ್ರಿ. ಹಂಗ ಐತಂತ."

ಹಾಗಿದ್ದರೆ ವಾಲ್ವ್ ದಣಿದಿರಬೇಕು, ಬದಲಿಸಲಿ ಎಂದರು. ಬದಲಿಸಿದರಂತೆ, ಹಾಗೇ ಇದೆಯಂತೆ ಎಂದಳು. ತಂಪಿಗೆ ಬೆಸುಗೆ ಬಾಯಿ ಬಿಡುತ್ತಿರಬೇಕು, ಒಂದೊಂದೇ ಮತ್ತೆ ಬೆಸೆಯಲಿ ಎಂದರು. ಬೆಸೆದರಂತೆ. ಹಾಗೇ ಇದೆಯಂತೆ. ವಾರ ವಾರವೂ ಅವರು ಒಂದು ಬಾಗಿಲು ತೆರೆಯುತ್ತಿದ್ದರು, ಅವಳು ಮುಂದಿನ ರವಿವಾರದ ಆಸೆಗೆ ಅದನ್ನು ಮುಚ್ಚುತ್ತಿದ್ದಳು. ಮದರಸಾಬರು ಹಾಸಿಗೆಯಲ್ಲಿ ಬೆರಳಿನಿಂದ ದುಪ್ಪಟಿಯ ಮೇಲೆ ತಂತಿಗಳ ದಾರಿ ಗೀಚುತ್ತಿರುತ್ತಾರೆ, ನಮಾಜಿನ ನಂತರವೂ ಭುಸಾವಳ ಅನ್ನುತ್ತಾರೆ ಎಂದು ಕಾಶೀಂಬಿ ಹೇಳಿದರು. ಶ್ವೇತಾ ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಳು.

2009ರ ಫೆಬ್ರುವರಿಯ ಒಂದು ರವಿವಾರ ಅವರು ಬೈಯಲಿಲ್ಲ. ದನಿ ಹಗಲಲ್ಲೂ ಹೋಗತೊಡಗಿತ್ತು.

"ನಲವತ್ತ ವರ್ಷದಾಗ ಇಂಥಾದ್ದೊಂದು ಕಂಡಿಲ್ಲವಾ. ನನಗ ಬರ್ತೈತಿ ಅಂತ ಮಾಡಿದ್ದೆ. ನನಗೇನೂ ಬರೂದಿಲ್ಲ."

ಶ್ವೇತಾ ಆ ಗಳಿಗೆಯಲ್ಲೇ ನಿಜ ಹೇಳಿಬಿಡಬೇಕಿತ್ತು. ಹೇಳಿದರೆ ಇಷ್ಟು ದಿನ ತಮ್ಮನ್ನು ಆಟ ಆಡಿಸಿದಳು ಎಂದುಕೊಂಡಾರು ಎಂಬ ಹೆದರಿಕೆ. ಮುಂದಿನ ವಾರ ಅವರು ಏನೇ ಹೇಳಲಿ, ಅದೇ ಸರಿಯಾಯಿತು, ರೇಡಿಯೋ ಹಾಡುತ್ತಿದೆ ಎಂದುಬಿಡುತ್ತೇನೆ ಎಂದು ನಿಶ್ಚಯಿಸಿಕೊಂಡು ಎದ್ದು ಬಂದಳು. ಆರು ದಿನವೂ ಅದೇ ಮಾತನ್ನು ಮನಸ್ಸಿನಲ್ಲಿ ಹೇಳಿ ನೋಡಿಕೊಂಡಳು. ಶನಿವಾರ ಮಧ್ಯಾಹ್ನ ಮದರಸಾಬರು ತೀರಿಕೊಂಡರು.

ಮೂರನೆಯ ದಿನ ಅಪ್ಪನ ಜೊತೆ ಹೋದಳು. ಗಂಡಸರು ಹೊರಗೆ ಕೂತಿದ್ದರು. ಒಳಗೆ ಇದ್ದತ್ ಹಿಡಿದಿದ್ದ ಕಾಶೀಂಬಿ ಬಿಳಿ ಸೀರೆಯಲ್ಲಿ ಗೋಡೆಗೆ ಒರಗಿದ್ದರು. ಗಂಡ ತೀರಿಕೊಂಡ ದಿನದಿಂದ ನಾಲ್ಕು ತಿಂಗಳು ಹತ್ತು ದಿನ ಅವರು ಹೊಸ್ತಿಲು ದಾಟುವಂತಿರಲಿಲ್ಲ. ಶ್ವೇತಾಳನ್ನು ಹತ್ತಿರ ಕರೆದು ದಿಂಬಿನ ಕೆಳಗಿನಿಂದ ಒಂದು ಲಕೋಟೆ ತೆಗೆದರು.

"ಶುಕ್ರವಾರ ಎದ್ದು ಕುಂತು ಮಾಡಿದ್ರವಾ. ನಾ ಎಳಿ ಹಿಡದೆ, ಅವ್ರು ಹುರಿ ಹಾಕಿದ್ರು. ಮೂರು ಸಲ ಬಿಚ್ಚಿ ಮತ್ತ ಹಾಕಿದ್ರು. ದಾರ ಸಂಜಿ ತಂಪಿಗೆ ಸಡಲಾಗಿ ಮುಳ್ಳ ಜಾರ್ತೈತಿ, ಮತ್ತೇನಿಲ್ಲ, ಇದನ್ನ ಹಾಕಾಕ ಹೇಳು ಅಂದಾರ. ಸಿಕ್ತು ಸಿಕ್ತು ಅಂತ ನಕ್ರು. ಭುಸಾವಳಕ್ಕ ಲಗೂ ಕಳಸಂತ."

ಲಕೋಟೆಯ ಒಳಗೆ ಮೇಣ ಸವರಿದ ರೇಷ್ಮೆ ದಾರ ಸುರುಳಿ ಸುತ್ತಿ ಕೂತಿತ್ತು. ಮೇಲೆ ವಿಳಾಸದ ಜಾಗ ಖಾಲಿ ಇತ್ತು. ವಿಳಾಸ ಯಾವಾಗಲೂ ಶ್ವೇತಾಳೇ ಬರೆಯುತ್ತಿದ್ದಳು.

"ಇವತ್ತ ಕಳಸ್ತೀನ್ರಿ ಚಾಚಿ" ಎಂದಳು.

ಗುಂಪಿಗೆ ಸುದ್ದಿ ಬರೆದಳು. ಇನ್ನೂರಕ್ಕೂ ಹೆಚ್ಚು ಪತ್ರ ಬಂದವು. ಎಂಥ ಮೃದು ಮಾತಿನ ಮನುಷ್ಯ, ಒಂದು ದಿನವೂ ಗಡುಸಾಗಿ ಬರೆಸಲಿಲ್ಲ ಎಂದು ವಕೀಲರು ಬರೆದಿದ್ದರು. ಶ್ವೇತಾ ಅದನ್ನು ಓದಿ ನಕ್ಕಳು, ಆಮೇಲೆ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತಳು. ಅವರ ಬೈಗುಳ ಕೇಳಿದವರು ಈಗ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ. ಲಕೋಟೆ ಡ್ರಾಯರಿನಲ್ಲಿತ್ತು. ಅದನ್ನು ಬೇರೆ ಯಾರಿಗಾದರೂ ಕಳಿಸಬಹುದಿತ್ತು, ಬೇಡುವವರು ನೂರು ಜನ. ಕೈ ಬರಲಿಲ್ಲ. ಅಪ್ಪನ ಮುಂದೆ ಎಲ್ಲವನ್ನೂ ಹೇಳಿದಾಗ ಅಂದಾನಪ್ಪನವರು ಡ್ರಾಯರ್ ತೆಗೆದು ಲಕೋಟೆ ನೋಡಿ, ಮತ್ತೆ ಅಲ್ಲೇ ಇಟ್ಟರು.

ಕಾಶೀಂಬಿಯನ್ನು ನೋಡಲು ಹೋಗುವುದನ್ನು ಬಿಡಲಾಗಲಿಲ್ಲ. ಹೋದಾಗಲೆಲ್ಲ ಒಂದೇ ಮಾತು.

"ಮುಟ್ಟಿತೇನ?"

"ಮುಟ್ಟೈತ್ರಿ."

"ಹಾಡ್ತೈತೇನ?"

"ಹಾಡಾಕತ್ತೈತಂತ್ರಿ."

"ಸಂಜಿಗೂ?"

"ಸಂಜಿಗೂ ರೀ ಚಾಚಿ."

ಕಾಶೀಂಬಿ ಕಣ್ಣು ಮುಚ್ಚಿ ಏನೋ ಪಠಿಸಿ ಎದೆಗೆ ಊದಿಕೊಳ್ಳುತ್ತಿದ್ದರು. ಅಷ್ಟಕ್ಕೇ ಮುಗಿಯಿತು ಎಂದು ಶ್ವೇತಾ ತಿಳಿದಿದ್ದಳು.

ಜೂನ್ ಕೊನೆಗೆ ಇದ್ದತ್ ಮುಗಿಯಿತು. ಮುನೀರಾ ತಾಯಿಯನ್ನು ನರಗುಂದಕ್ಕೆ ಕರೆದೊಯ್ಯಲು ಬಂದಿದ್ದಳು. ಮರುದಿನದ ಬಸ್ಸಿಗೆ ಹೊರಡುವವರಿದ್ದರು. ಆ ರವಿವಾರ ಮಧ್ಯಾಹ್ನ ಕಾಶೀಂಬಿ ಒಬ್ಬರೇ ಬುರ್ಖಾ ಹಾಕಿಕೊಂಡು, ನಾಲ್ಕು ತಿಂಗಳ ಮೇಲೆ ಮೊದಲ ಸಲ ಬೀದಿಗಿಳಿದು, ನೇರ ಶ್ವೇತಾಳ ಅಂಗಡಿಗೆ ಬಂದರು. ನಡೆದು ದಣಿದಿದ್ದರು. ಗಾಜಿನ ಗೂಡಿನ ಬಾಗಿಲು ತಾವೇ ತೆಗೆದು, ಗಂಡ ಕೂರುತ್ತಿದ್ದ ಸ್ಟೂಲನ್ನು ಬುರ್ಖಾದ ಅಂಚಿನಿಂದ ಒರೆಸಿ ಕೂತರು.

"ರಿಪೇರಿ ಆದ ಮ್ಯಾಲ ಒಂದ್ ಹಾಡ ಕೇಳಬೇಕಲ್ಲವಾ. ಅವ್ರು ಕೇಳಲಿಲ್ಲ. ನಾನರ ಕೇಳಿ ಹೋಗ್ತೀನಿ. ಭುಸಾವಳದವ್ರಿಗೆ ಫೋನ್ ಹಚ್ಚಾಕ ಹೇಳು."

ಅವರು ಊರಲ್ಲಿಲ್ಲ ಎನ್ನಬೇಕೆಂದು ಶ್ವೇತಾ ಅಂದುಕೊಂಡಳು. ಫೋನು ಕೆಟ್ಟಿದೆ ಎನ್ನಬೇಕೆಂದುಕೊಂಡಳು. ಬಾಯಿಂದ ಬಂದದ್ದು, "ಮೇಲ್ ಮಾಡ್ತೀನ್ರಿ ಚಾಚಿ, ಯಾವಾಗ ಮಾಡ್ತಾರೋ ಏನೋ" ಎಂಬ ಮಾತು.

"ಅವಸರಿಲ್ಲ. ಸಂಜಿಗೇ ಮಾಡ್ಲಿ. ಸಂಜಿಗೆ ಕೇಳಿದ್ರನ ಖರೇ ತಿಳಿಯೂದು."

ಶ್ವೇತಾ ಕಂಪ್ಯೂಟರ್ ಮುಂದೆ ಕೂತು ಕೀಲಿಗಳನ್ನು ಸುಮ್ಮನೆ ಒತ್ತಿದಳು. ಯಾರಿಗೆಂದು ಬರೆಯುವುದು. ವಕೀಲರಿಗೆ ಬರೆದು ಅವರ ರೇಡಿಯೋವನ್ನಾದರೂ ಕೇಳಿಸಲು ಹೇಳಲೇ ಎಂದು ಯೋಚಿಸಿ ಅರ್ಧ ಬರೆದಳು. ಸತ್ತವರ ಮೇಲೆ ಇನ್ನೊಂದು ಸುಳ್ಳೇ ಎಂದು ಅಳಿಸಿದಳು. ನಿಜ ಹೇಳೋಣವೆಂದು ಎದ್ದು ಗೂಡಿನವರೆಗೆ ಹೋದಳು. ಕಾಶೀಂಬಿ ರಿಸೀವರಿನ ಪಕ್ಕದಲ್ಲಿ ಕೈ ಇಟ್ಟುಕೊಂಡು, ಗಂಡನ ಹಾಗೆಯೇ ಕಣ್ಣು ಮುಚ್ಚಿ ಕೂತಿದ್ದರು. ಸಿಕ್ತು ಸಿಕ್ತು ಎಂದು ನಕ್ಕವರ ನಗೆಯೊಂದು ಅವರ ಹತ್ತಿರ ಉಳಿದಿತ್ತು. ಅದನ್ನು ಕಿತ್ತುಕೊಳ್ಳಲು ಶ್ವೇತಾಳಿಂದಾಗಲಿಲ್ಲ. ಹಾಗೇ ಹಿಂದಕ್ಕೆ ಬಂದಳು.

ಹೊತ್ತು ಇಳಿಯಿತು. ಕೋಟೆಯ ಗುಡ್ಡದ ನೆರಳು ಬಸ್ ಸ್ಟ್ಯಾಂಡಿಗೆ ಬಂತು. ರೋಣದ ಬಸ್ಸು ಬಂದು ನಿಂತು, ಕಂಡಕ್ಟರ್ ಕೂಗಲು ಶುರುಮಾಡಿದ. ಅಂಗಡಿಗಳ ಲೈಟು ಒಂದೊಂದೇ ಹತ್ತಿದವು. ಕಾಶೀಂಬಿ ಕಣ್ಣು ತೆರೆದು ಗಾಜಿನ ಆಚೆಯಿಂದ ಅವಳನ್ನು ಕರೆದರು.

"ಈಗ ಟೈಮ್ ಆತು. ಬಾಗಲಾ ಸ್ವಲ್ಪ ಮುಂದ ಮಾಡವಾ, ಬಸ್ಸಿನ ಸಪ್ಪಳದಾಗ ಹಾಡು ಕೇಳೂದಿಲ್ಲ."

ಶ್ವೇತಾ ಎದ್ದು ಹೋಗಿ ಅಂಗಡಿಯ ಬಾಗಿಲು ಒಳಗಿನಿಂದ ಮುಚ್ಚಿದಳು.